ಶೂ ಡಬ್ಬದೊಳಗಿನ ಭಾಗ್ಯಲಕ್ಷ್ಮಿ

1989ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಆಡಮ್ಸ್‌ಟೌನ್ ಎಂಬ ಊರಿನ ಹಳೆ ಸಾಮಾನು ಸಂತೆಯಲ್ಲಿ ಒಬ್ಬಾತ ನಾಲ್ಕು ಡಾಲರ್ ಕೊಟ್ಟು ಹರಕು ಚಿತ್ರಪಟವೊಂದನ್ನು ಕೊಂಡ. ಚಿತ್ರ ಅವನಿಗೆ ಹಿಡಿಸಿರಲಿಲ್ಲ. ಮೆಚ್ಚಿದ್ದು ಅದರ ಚೌಕಟ್ಟನ್ನು. ಬಿಚ್ಚಲು ಹೋದರೆ ಆ ಚೌಕಟ್ಟೂ ಕಳಚಿ ಬಿತ್ತು. ಆದರೆ ಚಿತ್ರದ ಹಿಂಬದಿಯಲ್ಲಿ ಮಡಿಸಿಟ್ಟ ಒಂದು ಹಳೆಯ ಕಾಗದವಿತ್ತು. ಅದು 1776ರ ಜುಲೈ 4ರ ರಾತ್ರಿ ಫಿಲಡೆಲ್ಫಿಯಾದ ಮುದ್ರಣಕಾರ ಜಾನ್ ಡನ್‌ಲ್ಯಾಪ್ ಅವಸರದಲ್ಲಿ ಅಚ್ಚು ಹಾಕಿದ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಮೊದಲ ಮುದ್ರಣದ ಒಂದು ಪ್ರತಿ! 1991ರಲ್ಲಿ ಸೋದೆಬೀಸ್ ಹರಾಜಿನಲ್ಲಿ ಅದು 24 ಲಕ್ಷ 20 ಸಾವಿರ ಡಾಲರಿಗೆ ಹೋಯಿತು. 2000ದಲ್ಲಿ ಮತ್ತೆ ಹರಾಜಾದಾಗ ಬಂದದ್ದು 81 ಲಕ್ಷ ಡಾಲರ್‌ಗೂ ಹೆಚ್ಚು.

ಇಂಥ ಅದೃಷ್ಟ ಒಂದು ತಲೆಮಾರಿಗೆ ಒಬ್ಬರಿಗೋ ಇಬ್ಬರಿಗೋ ಒಲಿಯುವಂಥದು. ಆದರೆ ಆ ಒಬ್ಬರ ಕಥೆಯೇ ಅಮೆರಿಕದಲ್ಲಿ ಸಾವಿರಾರು ಜನರನ್ನು ವಾರಾಂತ್ಯದ ನಸುಕಿನಲ್ಲಿ ಹಾಸಿಗೆಯಿಂದ ಎಬ್ಬಿಸುತ್ತದೆ. ಮ್ಯಾಸಚೂಸೆಟ್ಸ್‌ನ ಬ್ರಿಮ್‌ಫೀಲ್ಡ್ ಎಂಬ ಹಳ್ಳಿಯಲ್ಲಿ 1959ರಿಂದ ನಡೆಯುತ್ತ ಬಂದಿರುವ, ಈಗ ವರ್ಷಕ್ಕೆ ಮೂರು ಸಲ ಸೇರುವ ದೊಡ್ಡ ಸಂತೆಗೆ ಜನ ಟಾರ್ಚ್ ಹಿಡಿದು ಬರುತ್ತಾರೆ. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ರೋಸ್ ಬೌಲ್ ಕ್ರೀಡಾಂಗಣದ ಸುತ್ತ 1968ರಿಂದ ಪ್ರತಿ ತಿಂಗಳ ಎರಡನೇ ಭಾನುವಾರ ನೆರೆಯುವ ಸಂತೆಯಲ್ಲಿ ಬೆಳಗಿನ ಮೊದಲ ಗಂಟೆಗಳಲ್ಲಿ ಒಳಹೋಗುವವರಿಗೆ ಪ್ರವೇಶ ಶುಲ್ಕವೇ ಹೆಚ್ಚು. ಇವಕ್ಕೆ ಅಲ್ಲಿ ‘ಫ್ಲೀ ಮಾರ್ಕೆಟ್’ ಎನ್ನುತ್ತಾರೆ. ಅಕ್ಷರಶಃ ಹೇಳಬೇಕೆಂದರೆ ಚಿಗಟದ ಸಂತೆ. ಪ್ಯಾರಿಸ್ ನಗರದ ಅಂಚಿನಲ್ಲಿ ಚಿಂದಿ ಆಯುವವರು ಹಳೆ ಬಟ್ಟೆ, ಹಾಸಿಗೆ ಮಾರುತ್ತಿದ್ದ ಜಾಗಕ್ಕೆ ಫ್ರೆಂಚರು ತಮಾಷೆಯಾಗಿ ಇಟ್ಟ ಹೆಸರು ಇಂಗ್ಲಿಷಿಗೆ ಬಂದು ನಿಂತಿದೆ. ಹಾಸಿಗೆಯ ಜತೆಗೆ ಚಿಗಟವೂ ಬರುತ್ತಿತ್ತು ಎನ್ನುವುದು ಅದರ ಒಳಾರ್ಥ.

ಈ ನಸುಕಿನ ಬೇಟೆಗಾರರಲ್ಲಿ ಒಂದು ವಿಶಿಷ್ಟ ಪಂಗಡವಿದೆ. ಅವರಿಗೆ ಪಿಂಗಾಣಿ ಬೇಡ, ಗಡಿಯಾರ ಬೇಡ, ಬೆಳ್ಳಿ ಚಮಚ ಬೇಡ. ಮೇಜಿನ ಕೆಳಗೆ ಬಿದ್ದಿರುವ ಶೂ ಡಬ್ಬ, ಸಿಗಾರ್ ಪೆಟ್ಟಿಗೆ ಕಂಡರೆ ಬಗ್ಗಿ ಮುಚ್ಚಳ ತೆಗೆಯುತ್ತಾರೆ. ಅವರು ಹುಡುಕುವುದು ಅಂಗೈಯಲ್ಲಿ ಹಿಡಿಯುವಷ್ಟು ಅಗಲದ ರಟ್ಟಿನ ತುಂಡು. ಒಂದು ಬದಿಗೆ ಬೇಸ್‌ಬಾಲ್ ಆಟಗಾರನ ಚಿತ್ರ, ಇನ್ನೊಂದು ಬದಿಗೆ ಸಿಗರೇಟಿನ ಜಾಹೀರಾತೋ ಆಟಗಾರನ ಅಂಕಿ ಅಂಶವೋ. ಒಂದು ಕಾಲಕ್ಕೆ ಬಿಟ್ಟಿಯಾಗಿ ಹಂಚಿದ, ಮಕ್ಕಳು ಗೋಡೆಗೆ ಎಸೆದು ಆಡಿದ, ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಮೋಟಾರಿನ ಸದ್ದು ಹೊರಡಿಸಿದ ಈ ಚೂರುಗಳಿಗೆ ಕೋಟಿಗಟ್ಟಲೆ ರೂಪಾಯಿ ಬೆಲೆ ಬಂದದ್ದು ಹೇಗೆ ಎನ್ನುವುದೇ ಒಂದು ಸ್ವಾರಸ್ಯದ ಇತಿಹಾಸ.

ಸಿಗರೇಟು ಮುದುಡದಿರಲಿ ಎಂದು

ಕಾರ್ಡು ಹುಟ್ಟಿದ್ದು ಆಟದ ಪ್ರೀತಿಯಿಂದಲ್ಲ. ಹತ್ತೊಂಬತ್ತನೇ ಶತಮಾನದ ಸಿಗರೇಟು ಪ್ಯಾಕುಗಳು ತೆಳು ಕಾಗದದವು. ಜೇಬಿನಲ್ಲಿಟ್ಟರೆ ಒಳಗಿನ ಸಿಗರೇಟು ಮುರಿದುಹೋಗುತ್ತಿತ್ತು. ಅದಕ್ಕೆ ಬಿಗಿ ಕೊಡಲು ಕಂಪೆನಿಗಳು ಒಂದು ರಟ್ಟಿನ ತುಂಡು ಸೇರಿಸಿದವು. ಖಾಲಿ ರಟ್ಟಿನ ಮೇಲೆ ಚಿತ್ರ ಅಚ್ಚು ಹಾಕಿದರೆ ಗಿರಾಕಿ ಮತ್ತೆ ಬರುತ್ತಾನೆ ಎಂಬುದು ಬೇಗನೆ ಹೊಳೆಯಿತು. ನಟಿಯರು, ಪಕ್ಷಿಗಳು, ಧ್ವಜಗಳು, ಕುಸ್ತಿಪಟುಗಳು... ವರ್ಜೀನಿಯಾದ ರಿಚ್ಮಂಡ್‌ನ ಆಲನ್ ಅಂಡ್ ಗಿಂಟರ್ ಕಂಪೆನಿ 1887ರಲ್ಲಿ ಹೊರತಂದ ‘ವಿಶ್ವ ಚಾಂಪಿಯನ್ನರು’ ಮಾಲೆಯ 50 ಕಾರ್ಡುಗಳಲ್ಲಿ ಬೇಸ್‌ಬಾಲ್ ಆಟಗಾರರು ಹತ್ತೇ ಮಂದಿ. ಉಳಿದವರು ಮುಷ್ಟಿಕಾಳಗದವರು, ಕುಸ್ತಿಯವರು, ದೋಣಿ ಹುಟ್ಟು ಹಾಕುವವರು, ಬಿಲಿಯರ್ಡ್ಸ್ ಆಡುವವರು, ಗುರಿಕಾರರು.

ಜೇಮ್ಸ್ ಬಾನ್ಸ್ಯಾಕ್ ಎಂಬ ಯುವಕ 1880ರ ಹೊತ್ತಿಗೆ ಸಿಗರೇಟು ಸುತ್ತುವ ಯಂತ್ರ ಕಂಡುಹಿಡಿದ. ಕೈಯಲ್ಲಿ ಸುತ್ತುವ ಕಾಲ ಮುಗಿಯಿತು. ಆ ಯಂತ್ರವನ್ನು ನೆಚ್ಚಿಕೊಂಡ ಜೇಮ್ಸ್ ಬುಕಾನನ್ ಡ್ಯೂಕ್ 1890ರಲ್ಲಿ ಐದು ಪ್ರಮುಖ ಕಂಪೆನಿಗಳನ್ನು ಒಂದುಗೂಡಿಸಿ ಅಮೆರಿಕನ್ ಟೊಬ್ಯಾಕೊ ಕಂಪೆನಿ ಕಟ್ಟಿದ. ಪೈಪೋಟಿಯೇ ಇಲ್ಲದ ಮೇಲೆ ಗಿರಾಕಿಗೆ ಕಾರ್ಡಿನ ಆಮಿಷ ಯಾಕೆ? ಹಲವು ವರ್ಷ ಬೇಸ್‌ಬಾಲ್ ಕಾರ್ಡುಗಳು ಹೆಚ್ಚುಕಡಿಮೆ ಮಾಯವಾದವು. ಮತ್ತೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 1909ರಿಂದ 1911ರವರೆಗೆ. ಐನೂರಕ್ಕೂ ಹೆಚ್ಚು ಚಿತ್ರಗಳ ಆ ಮಾಲೆಯನ್ನು ಇಂದು ಸಂಗ್ರಾಹಕರು ‘ಟಿ-206’ ಎಂದು ಕರೆಯುತ್ತಾರೆ. ಈ ವಿಚಿತ್ರ ಹೆಸರು ಎಲ್ಲಿಂದ ಬಂತೆಂಬುದು ಮುಂದೆ ಬರಲಿದೆ. 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಈ ಏಕಸ್ವಾಮ್ಯ ಕಂಪೆನಿಯನ್ನು ಒಡೆಯುವಂತೆ ತೀರ್ಪು ಕೊಟ್ಟಿತು.

ಹತ್ತು ಡಾಲರಿನ ಚೆಕ್ಕು

ಟಿ-206 ಮಾಲೆಯಲ್ಲಿ ಒಬ್ಬನ ಕಾರ್ಡು ಮಾತ್ರ ತೀರಾ ವಿರಳ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಹೋನಸ್ ವ್ಯಾಗ್ನರ್ ಆ ಕಾಲದ ಮಹಾನ್ ಆಟಗಾರರಲ್ಲಿ ಒಬ್ಬ. 1936ರಲ್ಲಿ ಬೇಸ್‌ಬಾಲ್‌ನ ‘ಹಾಲ್ ಆಫ್ ಫೇಮ್’ ಗೌರವಕ್ಕೆ ಮೊಟ್ಟಮೊದಲು ಆಯ್ಕೆಯಾದ ಐವರಲ್ಲಿ ಅವನೂ ಇದ್ದ. ಅವನ ಕಾರ್ಡಿನ ಮುದ್ರಣ ಅರ್ಧಕ್ಕೇ ನಿಂತಿತು. ಹೊರಬಂದವು ಐವತ್ತರಿಂದ ಇನ್ನೂರರ ಒಳಗೆ ಎಂಬ ಅಂದಾಜಿದೆ.

ನಿಂತದ್ದು ಯಾಕೆ? 1912ರಲ್ಲಿ ‘ಸ್ಪೋರ್ಟಿಂಗ್ ನ್ಯೂಸ್’ ಪತ್ರಿಕೆ ಒಂದು ಕಥೆ ಪ್ರಕಟಿಸಿತು. ವ್ಯಾಗ್ನರ್‌ನ ಒಪ್ಪಿಗೆ ಪಡೆದುಕೊಟ್ಟರೆ ಹತ್ತು ಡಾಲರ್ ಕೊಡುವುದಾಗಿ ಪಿಟ್ಸ್‌ಬರ್ಗಿನ ಪತ್ರಕರ್ತ ಜಾನ್ ಗ್ರೂಬರ್‌ಗೆ ತಂಬಾಕು ಕಂಪೆನಿ ಹೇಳಿತಂತೆ. ಗ್ರೂಬರ್ ಪತ್ರ ಬರೆದ. ತನ್ನ ಚಿತ್ರ ಸಿಗರೇಟಿನ ಜತೆ ಹೋಗುವುದು ತನಗೆ ಬೇಡ, ಆದರೆ ಅದರಿಂದ ನಿಮಗೆ ನಷ್ಟವೂ ಆಗಬಾರದು ಎಂದು ವ್ಯಾಗ್ನರ್ ಉತ್ತರಿಸಿ, ಹತ್ತು ಡಾಲರಿನ ಚೆಕ್ಕನ್ನು ತಾನೇ ಲಗತ್ತಿಸಿ ಕಳಿಸಿದ. ಗ್ರೂಬರ್ ಆ ಚೆಕ್ಕನ್ನು ನಗದು ಮಾಡಿಸದೆ ಕಟ್ಟು ಹಾಕಿಸಿ ಇಟ್ಟುಕೊಂಡನೆಂದು ಕಥೆ ಮುಗಿಯುತ್ತದೆ.

ಮಕ್ಕಳು ಕಾರ್ಡಿನ ಆಸೆಗೆ ಸಿಗರೇಟು ಕೊಳ್ಳಬಾರದೆಂದು ವ್ಯಾಗ್ನರ್ ಹೀಗೆ ಮಾಡಿದ ಎಂಬುದು ಜನಪ್ರಿಯ ವಿವರಣೆ. ಕೇಳಲು ಹಿತವಾಗಿದೆ. ಆದರೆ ವ್ಯಾಗ್ನರ್ ತಾನೇ ತಂಬಾಕು ಜಗಿಯುತ್ತಿದ್ದ. ಅದಕ್ಕೂ ಮೊದಲೇ ಸಿಗಾರ್ ವ್ಯಾಪಾರಕ್ಕೆ ಅವನ ಚಿತ್ರ ಬಳಕೆಯಾಗಿತ್ತು. ಹಾಗಾಗಿ ಸಂಭಾವನೆಯ ತಕರಾರೇ ಇದ್ದಿರಬೇಕು ಎನ್ನುವವರೂ ಕಡಿಮೆಯಿಲ್ಲ. ಕಾರಣ ಯಾವುದೇ ಇರಲಿ, ಆಟಗಾರನ ‘ಒಲ್ಲೆ’ ಎಂಬ ಒಂದು ಮಾತು ಆ ಚೂರು ರಟ್ಟನ್ನು ಈ ಹವ್ಯಾಸದ ಕೋಹಿನೂರು ಮಾಡಿಬಿಟ್ಟಿತು.

ಅಂಟಿಸುತ್ತ ಕೂತ ಬರ್ಡಿಕ್

ಯಾವುದು ವಿರಳ, ಯಾವುದು ಸಾಮಾನ್ಯ ಎಂದು ಗೊತ್ತಾಗಬೇಕಾದರೆ ಮೊದಲು ಯಾರಾದರೂ ಎಣಿಸಬೇಕಲ್ಲ? ಆ ಕೆಲಸ ಮಾಡಿದವನು ಜೆಫರ್ಸನ್ ಬರ್ಡಿಕ್. 1900ರಲ್ಲಿ ಹುಟ್ಟಿದ ಈತ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ನಗರದ ವಿದ್ಯುತ್ ಸಾಮಗ್ರಿ ಕಾರ್ಖಾನೆಯೊಂದರಲ್ಲಿ ಬಿಡಿಭಾಗ ಜೋಡಿಸುವ ಕೆಲಸಗಾರ. ಮದುವೆಯಾಗಲಿಲ್ಲ. ಹರೆಯದಲ್ಲೇ ಸಂಧಿವಾತ ಕೈಕಾಲು ಹಿಡಿದುಕೊಂಡಿತ್ತು. ಬೇಸ್‌ಬಾಲ್ ಆಟದಲ್ಲಿ ಅಂಥ ಆಸಕ್ತಿಯೂ ಇರಲಿಲ್ಲ. ಅವನಿಗೆ ಬೇಕಿದ್ದುದು ಕಾಗದ: ಸಿಗರೇಟು ಕಾರ್ಡು, ಶುಭಾಶಯ ಪತ್ರ, ಅಂಚೆ ಚಿತ್ರ, ಸಿಗಾರ್ ಪಟ್ಟಿ, ಜಾಹೀರಾತು ಚೀಟಿ. ಉಳಿದವರು ಬಿಸಾಡುವ ಎಲ್ಲವೂ.

1937ರಲ್ಲಿ ಅವನು ಸಂಗ್ರಾಹಕರಿಗಾಗಿ ಒಂದು ಪುಟ್ಟ ಪತ್ರಿಕೆ ಆರಂಭಿಸಿದ. 1939ರಲ್ಲಿ ಕಾರ್ಡುಗಳ ಸೂಚಿಯನ್ನು ಪುಸ್ತಕ ಮಾಡಿದ. ಅದೇ ಮುಂದೆ ‘ಅಮೆರಿಕನ್ ಕಾರ್ಡ್ ಕ್ಯಾಟಲಾಗ್’ ಎಂದು ಹೆಸರಾಯಿತು. ಹತ್ತೊಂಬತ್ತನೇ ಶತಮಾನದ ತಂಬಾಕು ಕಾರ್ಡುಗಳಿಗೆ ‘ಎನ್’, ಇಪ್ಪತ್ತನೇ ಶತಮಾನದವಕ್ಕೆ ‘ಟಿ’, ಹಳೆಯ ಮಿಠಾಯಿ ಕಾರ್ಡುಗಳಿಗೆ ‘ಇ’, ಆಮೇಲಿನ ಗಮ್ ಕಾರ್ಡುಗಳಿಗೆ ‘ಆರ್’ ಎಂದು ಅಕ್ಷರ ಕೊಟ್ಟು ಪ್ರತಿ ಮಾಲೆಗೂ ಸಂಖ್ಯೆ ಹಚ್ಚಿದವನು ಬರ್ಡಿಕ್. ಟಿ-206 ಎಂಬುದು ಅವನಿಟ್ಟ ಹೆಸರು. ಬೇರೆ ಕಾರ್ಡುಗಳಿಗೆ ಬಿಡಿಗಾಸಿನ ಬೆಲೆ ಇದ್ದಾಗ ವ್ಯಾಗ್ನರ್ ಕಾರ್ಡಿಗೆ ಅವನ ಸೂಚಿ 50 ಡಾಲರ್ ಎಂದು ಬರೆಯಿತು. ವ್ಯಾಗ್ನರ್ ಪುರಾಣ ಅಲ್ಲಿಂದಲೇ ಶುರು.

1947ರಿಂದ ಬರ್ಡಿಕ್ ತನ್ನ ಸಂಗ್ರಹವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ದಾನವಾಗಿ ಕೊಡತೊಡಗಿದ. ರೆಂಬ್ರಾಂಟ್, ಡ್ಯೂರರ್‌ರ ಮುದ್ರಣಗಳನ್ನು ಕಾಯುವ ವಿಭಾಗಕ್ಕೆ ಸಿಗರೇಟು ಕಾರ್ಡೇ? ವಿಭಾಗದ ಮುಖ್ಯಸ್ಥ ಹಯಟ್ ಮೇಯರ್ ಬೇಡವೆನ್ನಲಿಲ್ಲ. ಆದರೆ ಎಲ್ಲವನ್ನೂ ಬರ್ಡಿಕ್ಕೇ ವಿಂಗಡಿಸಿ ಆಲ್ಬಮ್ಮುಗಳಿಗೆ ಅಂಟಿಸಿಕೊಡಬೇಕು ಎಂದಾಯಿತು. ನಿವೃತ್ತನಾದ ಮೇಲೆ ಬರ್ಡಿಕ್ ನ್ಯೂಯಾರ್ಕಿಗೇ ಬಂದು ನೆಲೆಸಿದ. ಬೆರಳು ಮಡಚಲಾಗದ ಮನುಷ್ಯ ದಿನವೂ ಸಂಗ್ರಹಾಲಯದ ಮೇಜಿನಲ್ಲಿ ಕೂತು ಒಂದೊಂದೇ ಚೀಟಿಗೆ ಅಂಟು ಹಚ್ಚಿದ. ಮೂರು ಲಕ್ಷಕ್ಕೂ ಹೆಚ್ಚು ಚೀಟಿಗಳು. ಅವುಗಳಲ್ಲಿ ಬೇಸ್‌ಬಾಲ್ ಕಾರ್ಡುಗಳೇ 30 ಸಾವಿರದಷ್ಟು. 1963ರ ಜನವರಿಯ ಒಂದು ಸಂಜೆ ಕೊನೆಯ ಹಾಳೆ ಮುಗಿಸಿ, ತಾನಿನ್ನು ಬರುವುದಿಲ್ಲವೆಂದು ಹೇಳಿ ಕೋಟು ಹಾಕಿಕೊಂಡು ಹೊರಟ. ಮರುದಿನವೇ ಆಸ್ಪತ್ರೆ ಸೇರಿದ. ಎರಡು ತಿಂಗಳಲ್ಲಿ ತೀರಿಕೊಂಡ.

ಇಂದಿನ ಸಂಗ್ರಾಹಕರು ಕಾರ್ಡಿನ ಹಿಂಬದಿಗೆ ಅಂಟು ತಗುಲಿದ್ದರೆ ಮುಖ ಸಿಂಡರಿಸುತ್ತಾರೆ. ಬೆಲೆ ಅರ್ಧಕ್ಕಿಂತ ಕೆಳಗಿಳಿಯಬಹುದು. ಬರ್ಡಿಕ್ ವ್ಯಾಗ್ನರ್ ಕಾರ್ಡನ್ನೂ ಸೇರಿಸಿ ಎಲ್ಲವನ್ನೂ ಅಂಟಿಸಿದ್ದ. ಅವನಿಗೆ ಅವು ಮಾರುವ ಸರಕಾಗಿರಲಿಲ್ಲ.

ಗಮ್ಮಿನ ಕಾಲ

ಸಿಗರೇಟಿನ ನಂತರ ಕಾರ್ಡಿಗೆ ಆಸರೆಯಾದದ್ದು ಬಬಲ್‌ಗಮ್. ಈ ಭಾಗ ಕನ್ನಡದ ಓದುಗರಿಗೂ ಅಪರಿಚಿತವಲ್ಲ. 1980-90ರ ದಶಕಗಳಲ್ಲಿ ನಮ್ಮ ಪೆಟ್ಟಿಗೆ ಅಂಗಡಿಗಳಲ್ಲೂ ಗಮ್ಮಿನ ಜತೆ ಕ್ರಿಕೆಟ್ ಆಟಗಾರರ ಚಿತ್ರ ಬರುತ್ತಿತ್ತು. ಗಮ್ ಬಾಯಿಗೆ, ಚಿತ್ರ ಕಂಪಾಸ್ ಪೆಟ್ಟಿಗೆಗೆ. ಬೆಂಕಿಪೊಟ್ಟಣದ ಚಿತ್ರ ಕತ್ತರಿಸಿ ಪಣಕ್ಕಿಟ್ಟು ಆಡಿದವರ ಒಂದು ತಲೆಮಾರು ಅದಕ್ಕೂ ಮೊದಲೇ ಇತ್ತು. ಇನ್ನೂ ಹಿಂದಕ್ಕೆ ಹೋದರೆ ಇಂಗ್ಲೆಂಡಿನ ಸಿಗರೇಟು ಪ್ಯಾಕುಗಳಲ್ಲಿ ಕ್ರಿಕೆಟಿಗರ ಕಾರ್ಡುಗಳು ಬರುತ್ತಿದ್ದ ದಿನಗಳಲ್ಲಿ ನಮ್ಮ ರಣಜಿತ್‌ಸಿಂಹಜಿಯ ಚಿತ್ರವೂ ಬಂದಿತ್ತು.

ಅಮೆರಿಕದಲ್ಲಿ 1933ರಲ್ಲಿ ಗೌಡಿ ಎಂಬ ಗಮ್ ಕಂಪೆನಿ 240 ಕಾರ್ಡುಗಳ ಮಾಲೆ ತಂದಿತು. ಹುಡುಗರು ಎಷ್ಟು ಗಮ್ ಜಗಿದರೂ 106ನೇ ಸಂಖ್ಯೆಯ ಕಾರ್ಡು ಸಿಗಲೊಲ್ಲದು. ಸಿಗುವುದು ಸಾಧ್ಯವೇ ಇರಲಿಲ್ಲ. ಯಾಕೆಂದರೆ ಕಂಪೆನಿ ಅದನ್ನು ಅಚ್ಚೇ ಹಾಕಿರಲಿಲ್ಲ! ಮಾಲೆ ಪೂರ್ತಿಯಾಗದಿದ್ದರೆ ಹುಡುಗರು ಗಮ್ ಕೊಳ್ಳುತ್ತಲೇ ಇರುತ್ತಾರೆ ಎಂಬ ಲೆಕ್ಕಾಚಾರ ಎನ್ನುತ್ತಾರೆ. ದೂರಿನ ಪತ್ರಗಳು ಬಂದ ಮೇಲೆ 1934ರಲ್ಲಿ ಹಳೆಯ ಆಟಗಾರ ನೆಪೋಲಿಯನ್ ಲಾಜೊಯಿಯ ಚಿತ್ರವಿರುವ 106ನೇ ಕಾರ್ಡು ಮುದ್ರಿಸಿ, ಪತ್ರ ಬರೆದವರಿಗೆ ಮಾತ್ರ ಅಂಚೆಯಲ್ಲಿ ಕಳಿಸಿತು. ಹಾಗೆ ಅಂದು ಜಗಳ ಕಾಯ್ದ ಹುಡುಗರ ಕೈಸೇರಿದ ಆ ಕಾರ್ಡು ಇಂದು ಲಕ್ಷಾಂತರ ರೂಪಾಯಿ ಬಾಳುತ್ತದೆ.

ಎರಡನೇ ಮಹಾಯುದ್ಧದ ವೇಳೆ ದೇಶದ ಕೆಲಸಕ್ಕೆಂದು ಹಳೆ ಕಾಗದ ಒಟ್ಟುಮಾಡುವ ಅಭಿಯಾನ ನಡೆದು ಎಷ್ಟೋ ಶೂ ಡಬ್ಬಗಳು ಖಾಲಿಯಾದವು. ಯುದ್ಧ ಮುಗಿದ ಮೇಲೆ ಬ್ರೂಕ್ಲಿನ್ನಿನ ಟಾಪ್ಸ್ ಕಂಪೆನಿ ಕಣಕ್ಕಿಳಿಯಿತು. ಅಲ್ಲಿನ ಸೈ ಬರ್ಗರ್ ಎಂಬ ನೌಕರ ತನ್ನ ಮನೆಯ ಅಡುಗೆಮನೆ ಮೇಜಿನ ಮೇಲೆ ರಟ್ಟು, ಕತ್ತರಿ ಇಟ್ಟುಕೊಂಡು 1952ರ ಮಾಲೆಯ ನಕ್ಷೆ ಸಿದ್ಧಮಾಡಿದ. ದೊಡ್ಡ ಬಣ್ಣದ ಚಿತ್ರ, ಆಟಗಾರನ ಸಹಿ, ತಂಡದ ಲಾಂಛನ, ಹಿಂಬದಿಗೆ ಹಿಂದಿನ ವರ್ಷದ ಅಂಕಿ ಅಂಶ. ಇವತ್ತಿಗೂ ಕಾರ್ಡು ಎಂದರೆ ಕಣ್ಣಿಗೆ ಬರುವ ರೂಪ ಅದೇ.

ಒಟ್ಟು 407 ಕಾರ್ಡುಗಳು ಕಂತುಕಂತಾಗಿ ಮಾರುಕಟ್ಟೆಗೆ ಬಂದವು. 311ನೇ ಸಂಖ್ಯೆಯಿಂದ ಆರಂಭವಾಗುವ ಕೊನೆಯ ಕಂತು ಅಂಗಡಿ ಮುಟ್ಟುವ ಹೊತ್ತಿಗೆ ತಡವಾಗಿತ್ತು. ಬೇಸ್‌ಬಾಲ್ ಋತು ಮುಗಿಯುತ್ತ ಬಂದು ಹುಡುಗರ ಮನಸ್ಸು ಫುಟ್‌ಬಾಲ್ ಕಡೆ ಹೊರಳಿತ್ತು. ಅಂಗಡಿಯವರು ಸರಕು ವಾಪಸು ಕಳಿಸಿದರು. ಉಗ್ರಾಣದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಕಟ್ಟುಗಳನ್ನು ಬರ್ಗರ್ ಜಾತ್ರೆಯವರಿಗೆ ಪುಡಿಗಾಸಿಗೆ ಕೊಡಲು ನೋಡಿದ, ಅವರಿಗೂ ಬೇಡವಾಯಿತು. ಕೊನೆಗೆ 1960ರಲ್ಲಿ ಜಾಗ ಖಾಲಿ ಮಾಡಲೆಂದು ನೂರಾರು ಪೆಟ್ಟಿಗೆಗಳನ್ನು ದೋಣಿಗೆ ಹೇರಿಸಿ, ನ್ಯೂಜೆರ್ಸಿ ತೀರದಿಂದಾಚೆ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿಬಿಟ್ಟ.

ಆ 311ನೇ ಸಂಖ್ಯೆ ನ್ಯೂಯಾರ್ಕ್ ಯಾಂಕೀಸ್ ತಂಡದ ಮಿಕಿ ಮ್ಯಾಂಟಲ್‌ನದು. 1991ರಲ್ಲಿ ನ್ಯೂಯಾರ್ಕಿನ ಕಾರ್ಡು ಮೇಳವೊಂದರಲ್ಲಿ ಒಬ್ಬ ವ್ಯಾಪಾರಿ ಆ ಕಾರ್ಡಿನ ಒಂದು ಒಳ್ಳೆಯ ಪ್ರತಿಯನ್ನು 50 ಸಾವಿರ ಡಾಲರ್ ಕೊಟ್ಟು ಕೊಂಡ. 2022ರ ಆಗಸ್ಟ್‌ನಲ್ಲಿ ಅದೇ ಪ್ರತಿ ಹರಾಜಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಆಗ ಅದು ಕ್ರೀಡಾ ಸ್ಮರಣಿಕೆಯೊಂದಕ್ಕೆ ಸಿಕ್ಕಿದ ಅತಿ ದೊಡ್ಡ ಮೊತ್ತ.

ಅಮ್ಮ ಬಿಸಾಡಿದ ಐಶ್ವರ್ಯ

ಅಮೆರಿಕದ ಮಧ್ಯವಯಸ್ಕ ಗಂಡಸರನ್ನು ಕೇಳಿದರೆ ಬಹಳ ಮಂದಿ ಒಂದೇ ದೂರು ಹೇಳುತ್ತಾರೆ: ಕಾಲೇಜಿಗೆಂದೋ ಸೈನ್ಯಕ್ಕೆಂದೋ ಮನೆ ಬಿಟ್ಟಾಗ ಅಮ್ಮ ಕೋಣೆ ಗುಡಿಸಿ ಕಾರ್ಡು ಬಿಸಾಡಿದಳು. ಇದು ಅಲ್ಲಿ ಗಾದೆಯಂತೆ ಆಗಿಹೋಗಿದೆ. ಪಾಪ, ಆ ತಾಯಂದಿರು ಹಾಗೆ ಮಾಡಿರದಿದ್ದರೆ ಉಳಿದ ಕಾರ್ಡುಗಳಿಗೆ ಬೆಲೆಯೇ ಬರುತ್ತಿರಲಿಲ್ಲ ಎಂಬುದನ್ನು ಯಾರೂ ನೆನೆಯುವುದಿಲ್ಲ.

1950ರ ದಶಕದ ಆ ಹುಡುಗರು 1970ರ ಕೊನೆಯ ಹೊತ್ತಿಗೆ ಸಂಬಳ ಎಣಿಸುವವರಾದರು. ಕಳೆದುಹೋದ ಬಾಲ್ಯವನ್ನು ಹಣ ಕೊಟ್ಟು ಮರಳಿ ತರುವ ಉಮೇದು ಹುಟ್ಟಿತು. ಹೋಟೆಲಿನ ಸಭಾಂಗಣ, ಶಾಲೆಯ ಜಿಮ್, ಚರ್ಚಿನ ನೆಲಮಾಳಿಗೆಗಳಲ್ಲಿ ಕಾರ್ಡು ಮೇಳಗಳು ಶುರುವಾದವು. ರಾಷ್ಟ್ರ ಮಟ್ಟದ ಸಂಗ್ರಾಹಕರ ಸಮ್ಮೇಳನ ಮೊದಲು ನಡೆದದ್ದು 1980ರಲ್ಲಿ, ಲಾಸ್ ಏಂಜಲಿಸ್ ವಿಮಾನ ನಿಲ್ದಾಣದ ಬಳಿಯ ಹೋಟೆಲೊಂದರಲ್ಲಿ. ‘ದಿ ನ್ಯಾಷನಲ್’ ಎಂದೇ ಕರೆಯುವ ಅದು ಇವತ್ತು ಲಕ್ಷಾಂತರ ಚದರಡಿಯ ಸಭಾಂಗಣ ತುಂಬುವ ಜಾತ್ರೆ. ಅದಕ್ಕೆ ಒಂದು ವರ್ಷ ಮುಂಚೆ, 1979ರಲ್ಲಿ, ಜೇಮ್ಸ್ ಬೆಕೆಟ್ ಎಂಬ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕ ಕಾರ್ಡುಗಳ ದರಪಟ್ಟಿಯನ್ನು ಪುಸ್ತಕವಾಗಿ ತಂದಿದ್ದ. 1984ರಿಂದ ಅದು ಮಾಸಪತ್ರಿಕೆಯೂ ಆಯಿತು. ಒಂದು ಲೆಕ್ಕಕ್ಕೆ ಹವ್ಯಾಸ ವ್ಯಾಪಾರವಾದದ್ದು ಅಲ್ಲಿಯೇ. ಅಲ್ಲಿಯವರೆಗೆ ಹುಡುಗರು ‘ನಿನ್ನ ಎರಡಕ್ಕೆ ನನ್ನದೊಂದು’ ಎಂದು ಬದಲಾಯಿಸಿಕೊಳ್ಳುತ್ತಿದ್ದರು. ಈಗ ಹತ್ತು ವರ್ಷದ ಪೋರನೂ ಮೊದಲು ಪುಸ್ತಕದಲ್ಲಿ ದರ ನೋಡತೊಡಗಿದ.

1980ರ ನ್ಯಾಯಾಲಯದ ತೀರ್ಪೊಂದರಿಂದ ಟಾಪ್ಸ್‌ನ ಏಕಸ್ವಾಮ್ಯ ಮುರಿದು, 1981ರಲ್ಲಿ ಫ್ಲೀರ್, ಡಾನ್‌ರಸ್ ಕಂಪೆನಿಗಳು ಬಂದವು. 1989ರಲ್ಲಿ ಅಪ್ಪರ್ ಡೆಕ್ ಬಂತು. ಕಾರ್ಡು ಎಂದರೆ ಷೇರು ಪತ್ರವಿದ್ದಂತೆ ಎಂದು ನಂಬಿದ ತಂದೆಯರು ಮಗನ ಕಾಲೇಜು ಖರ್ಚಿಗೆಂದು ಪೆಟ್ಟಿಗೆಗಟ್ಟಲೆ ಕೊಂಡು ಅಟ್ಟದಲ್ಲಿಟ್ಟರು. ಎಲ್ಲರೂ ಜೋಪಾನವಾಗಿ ಇಟ್ಟರು ಎಂಬುದೇ ತೊಂದರೆಯಾಯಿತು. ಯಾವ ತಾಯಿಯೂ ಬಿಸಾಡಲಿಲ್ಲ. ಕಂಪೆನಿಗಳು ಲೆಕ್ಕವಿಲ್ಲದೆ ಅಚ್ಚು ಹಾಕಿದವು. 1994ರ ಆಗಸ್ಟ್‌ನಲ್ಲಿ ಆಟಗಾರರು ಮುಷ್ಕರ ಹೂಡಿ ಆ ವರ್ಷದ ವರ್ಲ್ಡ್ ಸೀರೀಸ್ ರದ್ದಾದಾಗ ಗುಳ್ಳೆ ಒಡೆಯಿತು. ಕಾರ್ಡಿನ ಅಂಗಡಿಗಳು ಸಾಲಾಗಿ ಬಾಗಿಲು ಹಾಕಿದವು. 1980ರ ದಶಕದ ಕೊನೆಯ ಮತ್ತು 1990ರ ದಶಕದ ಆರಂಭದ ಆ ಸರಕು ಇವತ್ತು ಅದೇ ಹಳೆ ಸಾಮಾನು ಸಂತೆಗಳಲ್ಲಿ, ಸೀಲು ಒಡೆಯದ ಪೆಟ್ಟಿಗೆಯಲ್ಲೇ, ಹೆಚ್ಚುಕಡಿಮೆ ಅಂದಿನ ಬೆಲೆಗೇ ಸಿಗುತ್ತದೆ. ಅನುಭವಿ ಬೇಟೆಗಾರರು ಅತ್ತ ತಿರುಗಿಯೂ ನೋಡುವುದಿಲ್ಲ.

ಅಂಚು ಕತ್ತರಿಸಿದ ಕೋಹಿನೂರು

ಹಣ ಬಂದಲ್ಲಿ ಮೋಸ ಬರುವುದು ತಡವಾಗಲಿಲ್ಲ. 1985ರಲ್ಲಿ ಬಿಲ್ ಮಾಸ್ಟ್ರೊ ಎಂಬ ಹೆಸರಾಂತ ವ್ಯಾಪಾರಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನಲ್ಲಿ 25 ಸಾವಿರ ಡಾಲರ್ ಕೊಟ್ಟು ಒಂದು ವ್ಯಾಗ್ನರ್ ಕಾರ್ಡು ಕೊಂಡ. ಎರಡು ವರ್ಷದಲ್ಲಿ 1 ಲಕ್ಷ 10 ಸಾವಿರಕ್ಕೆ ಮಾರಿದ. 1991ರಲ್ಲಿ ಸೋದೆಬೀಸ್ ಹರಾಜಿನಲ್ಲಿ ಅದನ್ನು ಐಸ್ ಹಾಕಿ ತಾರೆ ವೇಯ್ನ್ ಗ್ರೆಟ್ಸ್‌ಕಿ ಮತ್ತು ಅವನ ತಂಡದ ಮಾಲೀಕ ಬ್ರೂಸ್ ಮ್ಯಾಕ್‌ನಾಲ್ ಜತೆಯಾಗಿ 4 ಲಕ್ಷ 51 ಸಾವಿರಕ್ಕೆ ಕೊಂಡರು. ಎಂಬತ್ತು ವರ್ಷದ ಕಾರ್ಡು ನಿನ್ನೆ ಪ್ಯಾಕಿನಿಂದ ತೆಗೆದಂತೆ ಹೊಳೆಯುತ್ತಿತ್ತು. ನಾಲ್ಕೂ ಮೂಲೆ ಚೂಪು.

ಅದೇ 1991ರಲ್ಲಿ ಕಾರ್ಡುಗಳ ಗುಣಮಟ್ಟವನ್ನು ಒಂದರಿಂದ ಹತ್ತರವರೆಗೆ ಅಳೆದು ಪ್ಲಾಸ್ಟಿಕ್ಕಿನಲ್ಲಿ ಮುದ್ರೆಯೊತ್ತಿ ಕೊಡುವ ಪಿಎಸ್‌ಎ ಎಂಬ ಸಂಸ್ಥೆ ಹುಟ್ಟಿತು. ಅದು ನೀಡಿದ ಮೊದಲ ಸಂಖ್ಯೆಯ ಪ್ರಮಾಣಪತ್ರ ಈ ಕಾರ್ಡಿಗೇ, ದರ್ಜೆ ಎಂಟು. ಆಮೇಲೆ ಕಾರ್ಡಿನ ಪ್ರವಾಸ ಮುಂದುವರಿಯಿತು. ಅಂಗಡಿ ಸರಣಿಯೊಂದರ ಪ್ರಚಾರದ ಬಹುಮಾನವಾಗಿ 1996ರಲ್ಲಿ ಫ್ಲಾರಿಡಾದ ಅಂಚೆ ಕಚೇರಿ ನೌಕರಳೊಬ್ಬಳಿಗೆ ಲಾಟರಿಯಲ್ಲಿ ಬಂತು. ಬಹುಮಾನದ ಮೇಲಿನ ತೆರಿಗೆ ಕಟ್ಟಲು ಶಕ್ತಿಯಿಲ್ಲದೆ ಆಕೆ ಹರಾಜಿಗೆ ಕೊಟ್ಟಳು. 6 ಲಕ್ಷ 40 ಸಾವಿರ, 2000ದಲ್ಲಿ 12 ಲಕ್ಷ 65 ಸಾವಿರ, 2007ರಲ್ಲಿ ಮೊದಲು 23 ಲಕ್ಷ 50 ಸಾವಿರ, ಅದೇ ವರ್ಷ ಮತ್ತೆ 28 ಲಕ್ಷ ಡಾಲರ್. ಕೊನೆಗೆ ಕೊಂಡವನು ಅರಿಜೋನಾದ ಬೇಸ್‌ಬಾಲ್ ತಂಡದ ಮಾಲೀಕ ಕೆನ್ ಕೆಂಡ್ರಿಕ್.

2013ರಲ್ಲಿ ಹರಾಜು ವಂಚನೆಯ ಬೇರೊಂದು ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಳ್ಳುವಾಗ ಮಾಸ್ಟ್ರೊ ಇದನ್ನೂ ಒಪ್ಪಿಕೊಂಡ: ಆ ಕಾರ್ಡಿನ ಅಂಚುಗಳನ್ನು ತಾನೇ ಕತ್ತರಿಸಿದ್ದೆ. ನವೆದ ಅಂಚು ಹೋಗಿ ಚೂಪು ಮೂಲೆ ಬಂದದ್ದು ಹಾಗೆ. 2015ರಲ್ಲಿ ಅವನಿಗೆ 20 ತಿಂಗಳ ಸೆರೆವಾಸವಾಯಿತು. ಸಂಗ್ರಾಹಕರ ಲೋಕದಲ್ಲಿ ಅಂಚು ಕತ್ತರಿಸಿದ ಕಾರ್ಡು ಎಂದರೆ ಭಿನ್ನವಾದ ವಿಗ್ರಹವಿದ್ದಂತೆ. ಅದಕ್ಕೆ ಅಂಕ ಕೊಡುವ ಪದ್ಧತಿಯೇ ಇಲ್ಲ. ಆ ನಿಯಮವನ್ನು ಕಾಯಬೇಕಾದ ಸಂಸ್ಥೆಯ ಮೊತ್ತಮೊದಲ ಪ್ರಮಾಣಪತ್ರವೇ ಕತ್ತರಿಸಿದ ಕಾರ್ಡಿಗೆ ಹೋಗಿತ್ತು!

ಸಹಿಗಳ ಕಥೆ ಇನ್ನೂ ಹದಗೆಟ್ಟದ್ದು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಎಂಬ ಹೆಸರಿನಲ್ಲಿ ನಕಲಿ ಸಹಿಗಳ ಜಾಲವೊಂದನ್ನು ಭೇದಿಸಿತು. ಸತ್ತ ಆಟಗಾರರ ಸಹಿ ಹಾಕಿದ ಚೆಂಡುಗಳ ರಾಶಿಯೇ ಸಿಕ್ಕಿತು. ಅವುಗಳ ನಡುವೆ ಮದರ್ ತೆರೇಸಾ ಸಹಿ ಮಾಡಿದ ಬೇಸ್‌ಬಾಲ್ ಕೂಡ ಇತ್ತು! ಕೋಲ್ಕತ್ತದ ಬೀದಿಗಳಲ್ಲಿ ರೋಗಿಗಳ ಸೇವೆ ಮಾಡುತ್ತಿದ್ದ ತಾಯಿಗೆ ಬೇಸ್‌ಬಾಲ್‌ನ ನಂಟು ಎಲ್ಲಿಯದು ಎಂದು ಕೊಳ್ಳುವವರು ಯೋಚಿಸುವುದಿಲ್ಲ ಎಂಬ ಧೈರ್ಯ ನಕಲಿಕಾರರಿಗಿತ್ತು.

ಆದ್ದರಿಂದ ಸಂತೆಯ ಬೇಟೆಗಾರನ ಜೇಬಿನಲ್ಲಿ ಟಾರ್ಚಿನ ಜತೆಗೆ ಭೂತಗನ್ನಡಿ, ಅಳತೆಪಟ್ಟಿ ಇರುತ್ತವೆ. ಹಳೆಯ ತಂಬಾಕು ಕಾರ್ಡುಗಳಲ್ಲಿ ಆಟಗಾರನ ಹೆಸರನ್ನು ಒಂದೇ ಗಟ್ಟಿ ಬಣ್ಣದಲ್ಲಿ ಅಚ್ಚು ಹಾಕುತ್ತಿದ್ದರು. ಈಗಿನ ಮರುಮುದ್ರಣವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅಕ್ಷರವೂ ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆಯುತ್ತದೆ. ನೇರಳಾತೀತ ದೀಪ ಹಿಡಿದರೆ ಹಳೆಯ ರಟ್ಟು ಮಂಕಾಗಿಯೇ ಇರುತ್ತದೆ. ಯುದ್ಧಾನಂತರದ ಕಾಗದಕ್ಕೆ ಬೆಳ್ಳಗೆ ಕಾಣಲೆಂದು ಸೇರಿಸುವ ರಾಸಾಯನಿಕಗಳು ನೀಲಿಯಾಗಿ ಹೊಳೆದು ಗುಟ್ಟು ರಟ್ಟು ಮಾಡುತ್ತವೆ. ಅಂಚನ್ನು ಪಕ್ಕದಿಂದ ನೋಡಿದಾಗ ಮುಖವೆಲ್ಲ ಸವೆದು ಅಂಚೊಂದು ಮಾತ್ರ ಹೊಸದಾಗಿದ್ದರೆ ಕತ್ತರಿಯ ಕೈವಾಡ. ಇಷ್ಟೆಲ್ಲ ನೋಡುವಾಗ ಮುಖದಲ್ಲಿ ಆಸೆ ಕಾಣಬಾರದು. ಮಾರುವವನಿಗೆ ಅನುಮಾನ ಬಂದರೆ ಎರಡು ಡಾಲರಿನ ಸರಕು ಇನ್ನೂರಕ್ಕೆ ಏರುತ್ತದೆ. ಚತುರರು ಬೇಡದ ನಾಲ್ಕು ಕಾರ್ಡುಗಳ ನಡುವೆ ಬೇಕಾದ ಒಂದನ್ನು ಸೇರಿಸಿ, ಒಟ್ಟಿಗೆ ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳುತ್ತಾರೆ. ಇದು ನಮ್ಮ ಊರ ಸಂತೆಗೆ ಹೋಗಿ ಬಂದವರಿಗೆ ಹೊಸ ವಿದ್ಯೆಯೇನಲ್ಲ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇರುವುದರಿಂದ ಮಾರುವವನೇ ಮೊದಲು ದರ ನೋಡಿಬಿಡುತ್ತಾನೆ. ಸಂತೆಯಲ್ಲಿ ಏಮಾರುವವರು ಕಡಿಮೆಯಾಗಿದ್ದಾರೆ. ಕೊರೊನಾ ಕಾಲದಲ್ಲಿ ಮನೆಯಲ್ಲೇ ಕೂತ ಜನ ಅಟ್ಟ ಹತ್ತಿ ಹಳೆ ಪೆಟ್ಟಿಗೆ ಇಳಿಸಿದ್ದರಿಂದ ಬೆಲೆ ಮತ್ತೆ ಗಗನಕ್ಕೇರಿತು. ದರ್ಜೆ ನಿಗದಿಗೆ ಬಂದ ಕಾರ್ಡುಗಳ ರಾಶಿ ತಾಳಲಾರದೆ ಪಿಎಸ್‌ಎ 2021ರ ಮಾರ್ಚ್‌ನಲ್ಲಿ ಬಹುಪಾಲು ಸೇವೆಗಳನ್ನು ನಿಲ್ಲಿಸಬೇಕಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ವಿಸ್ಕಾನ್ಸಿನ್ ರಾಜ್ಯದ ಅಂಗಡಿಯೊಂದರ ಹೊರಗೆ ಕಾರ್ಡಿನ ವಿಚಾರಕ್ಕೆ ಹೊಡೆದಾಟವಾಗಿ ಒಬ್ಬ ಪಿಸ್ತೂಲು ತೆಗೆದ. ಟಾರ್ಗೆಟ್ ಅಂಗಡಿ ಸರಣಿ ಕೆಲಕಾಲ ಕಾರ್ಡು ಮಾರುವುದನ್ನೇ ಬಿಟ್ಟಿತು. 2022ರಲ್ಲಿ ಇನ್ನೊಂದು ವ್ಯಾಗ್ನರ್ ಕಾರ್ಡು 72 ಲಕ್ಷ 50 ಸಾವಿರ ಡಾಲರಿಗೆ ಕೈ ಬದಲಾಯಿಸಿತು.

ಆದರೂ ಬೇಟೆಗಾರರು ಬೆಳಗಿನ ಜಾವ ಏಳುವುದನ್ನು ಬಿಟ್ಟಿಲ್ಲ. 2012ರಲ್ಲಿ ಒಹಾಯೊ ರಾಜ್ಯದ ಡಿಫಯನ್ಸ್ ಎಂಬ ಊರಿನಲ್ಲಿ ಅಜ್ಜನ ಮನೆಯ ಅಟ್ಟ ಗುಡಿಸುವಾಗ ಮೊಮ್ಮಕ್ಕಳಿಗೆ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಅದರಲ್ಲಿ ನೂರು ವರ್ಷ ಹಿಂದಿನ ಸುಮಾರು 700 ಕಾರ್ಡುಗಳು, ದಾರದಲ್ಲಿ ಕಟ್ಟಿದ ಹಾಗೆಯೇ ಇದ್ದವು. 2016ರಲ್ಲಿ ಅಮೆರಿಕದ ದಕ್ಷಿಣ ಭಾಗದ ಒಂದು ಹಳ್ಳಿಮನೆಯಲ್ಲಿ ಮುತ್ತಜ್ಜನ ಕಾಲದ ಕಸ ತೆಗೆಯುತ್ತಿದ್ದ ಕುಟುಂಬಕ್ಕೆ ನೆಲದ ಮೇಲೆ ಮುದುಡಿ ಬಿದ್ದಿದ್ದ ಕಾಗದದ ಚೀಲ ಕಂಡಿತು. ಕಸದ ಬುಟ್ಟಿಗೆ ಎಸೆಯುವ ಮುನ್ನ ಯಾಕೋ ತೆರೆದು ನೋಡಿದರು. ಒಳಗೆ ಮಹಾನ್ ಆಟಗಾರ ಟೈ ಕಾಬ್‌ನ ಏಳು ಕಾರ್ಡುಗಳು. ಹಿಂಬದಿಯಲ್ಲಿ ಅವನದೇ ಹೆಸರಿನ ತಂಬಾಕಿನ ಜಾಹೀರಾತು ಇದ್ದ ಅಂಥ ಕಾರ್ಡುಗಳು ಆವರೆಗೆ ಜಗತ್ತಿನಲ್ಲಿ ಹದಿನೈದರಷ್ಟು ಮಾತ್ರ ಗೊತ್ತಿದ್ದವು. ಮನೆಯವರು ಹುಡುಕುವುದನ್ನು ಅಲ್ಲಿಗೇ ನಿಲ್ಲಿಸಲಿಲ್ಲ. ಮರುವರ್ಷ ಅದೇ ಮನೆಯಲ್ಲಿ ಎಂಟನೆಯದೂ ಸಿಕ್ಕಿತು.